ಬೊಸ್ನಿಯಾದ ಕಾಫಿ ಬಟ್ಟಲು ಮತ್ತು ಅತಿಥಿಯ ಕಣ್ಣು

ಒಂದು ದೇಶವನ್ನು ಹೊರಗಿನವರಿಗೆ ಪರಿಚಯಿಸುವ ಬರಹಗಳಲ್ಲಿ ಊಟ ತಿಂಡಿಯ ಅಧ್ಯಾಯ ತಪ್ಪದೆ ಇರುತ್ತದೆ. ಓದಲು ಹಿತವಾಗಿಯೂ ಇರುತ್ತದೆ. ಬೊಸ್ನಿಯಾದ ಬಗ್ಗೆ ಪ್ರವಾಸಿಗರಿಗಾಗಿ ಬರೆದ ಕೈಪಿಡಿಗಳನ್ನು ತಿರುವಿ ಹಾಕಿದರೆ ಈ ಅಧ್ಯಾಯ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತದೆ. ಸರಾಯೆವೊದ ಹಳೆಯ ಪೇಟೆ ಬಾಶ್‌ಚಾರ್ಶಿಯ, ಅಲ್ಲಿನ ತಾಮ್ರದ ತಟ್ಟೆಯಲ್ಲಿ ಬರುವ ಕಾಫಿ, ಬಿಸಿ ರೊಟ್ಟಿಯೊಳಗಿಟ್ಟ ಚೆವಾಪಿ, ಮೋಸ್ತಾರಿನ ಹಳೆಯ ಸೇತುವೆಯಿಂದ ನದಿಗೆ ಹಾರುವ ಹುಡುಗರು, ಪರಸ್ಪರ ಕೂಗಳತೆಯಲ್ಲಿರುವ ಮಸೀದಿ, ಚರ್ಚು ಮತ್ತು ಯಹೂದಿ ಪ್ರಾರ್ಥನಾ ಮಂದಿರ. ಕೊನೆಯಲ್ಲಿ 'ಪೂರ್ವ ಪಶ್ಚಿಮಗಳ ಸಂಗಮ' ಎಂಬ ಮಾತು. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ.

ಇದರಲ್ಲಿ ಸುಳ್ಳು ಯಾವುದೂ ಇಲ್ಲ. ನಮ್ಮ ತಕರಾರು ಸುಳ್ಳಿನ ಬಗ್ಗೆ ಅಲ್ಲ. ಒಂದು ಜನಾಂಗದ ಊಟ ಮತ್ತು ರೂಢಿಗಳನ್ನು ಅವು ಯಾರ ನಡುವೆ ನಡೆಯುತ್ತಿದ್ದವೋ ಆ ಜನರಿಂದ ಬಿಡಿಸಿ, ಅತಿಥಿಯ ಮುಂದಿಟ್ಟ ತಟ್ಟೆಯನ್ನಾಗಿ ಮಾಡಿದಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ. ಬೊಸ್ನಿಯಾದ ಮಟ್ಟಿಗೆ ಈ ಪ್ರಶ್ನೆ ಬರೀ ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮೊದಲು ಆ ತಟ್ಟೆಯನ್ನೇ ನೋಡೋಣ. ಬೊಸ್ನಿಯಾದವರು ತಮ್ಮ ಕಾಫಿಯನ್ನು ಟರ್ಕಿಯ ಕಾಫಿ ಎಂದು ಕರೆದರೆ ಒಪ್ಪುವುದಿಲ್ಲ. ಟರ್ಕಿಯಲ್ಲಿ ತಣ್ಣೀರಿಗೆ ಪುಡಿ, ಸಕ್ಕರೆ ಎರಡನ್ನೂ ಹಾಕಿ ಒಟ್ಟಿಗೆ ಕಾಯಿಸುತ್ತಾರೆ. ಇಲ್ಲಿ ನೀರನ್ನು ಮೊದಲೇ ಕುದಿಸಿ, 'ಜೆಜ್ವಾ' ಎಂಬ ಉದ್ದ ಹಿಡಿಯ ತಾಮ್ರದ ಪಾತ್ರೆಯಲ್ಲಿರುವ ಪುಡಿಯ ಮೇಲೆ ಹೊಯ್ದು, ನೊರೆ ಏಳುವವರೆಗೆ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಕುಡಿಯುವುದು ಹಿಡಿಯಿಲ್ಲದ ಪುಟ್ಟ ಪಿಂಗಾಣಿ ಬಟ್ಟಲಿನಲ್ಲಿ. ಅದರ ಹೆಸರು 'ಫಿಲ್ಜಾನ್'. ಸಕ್ಕರೆಯ ಗಟ್ಟಿಯನ್ನು ಕಾಫಿಗೆ ಹಾಕಿ ಕದಡುವುದಿಲ್ಲ. ಅದರ ತುದಿಯನ್ನು ಅದ್ದಿ, ಕಚ್ಚಿ, ಮೇಲೆ ಒಂದು ಗುಟುಕು ಕಾಫಿ. ಪಕ್ಕದಲ್ಲಿ ಒಂದು ತುಂಡು ರಹತ್ ಲೊಕುಮ್. ಅರ್ಧ ಗಂಟೆಗೆ ಮೊದಲು ಎದ್ದುಹೋದರೆ ಅದು ಕಾಫಿ ಕುಡಿದಂತೆ ಅಲ್ಲ.

ಊಟದ ವಿಚಾರದಲ್ಲೂ ಅವರಿಗೆ ಅಷ್ಟೇ ಕಟ್ಟುನಿಟ್ಟು. ತೆಳುವಾಗಿ ಎಳೆದ ಹಿಟ್ಟಿನ ಹಾಳೆಯಲ್ಲಿ ಹೂರಣ ಸುತ್ತಿ ಬೇಯಿಸುವುದಕ್ಕೆ ಒಟ್ಟಾರೆ ಹೆಸರು 'ಪಿತಾ'. ಅದರೊಳಗೆ ಮಾಂಸವಿದ್ದರೆ ಮಾತ್ರ 'ಬುರೆಕ್'. ಗಿಣ್ಣು ಇದ್ದರೆ 'ಸಿರ್ನಿತ್ಸಾ', ಸೊಪ್ಪಿದ್ದರೆ 'ಝೆಲ್ಯಾನಿತ್ಸಾ', ಆಲೂಗಡ್ಡೆ ಇದ್ದರೆ 'ಕ್ರೊಂಪಿರೂಶಾ'. ಗಿಣ್ಣಿನ ಬುರೆಕ್ ಕೊಡಿ ಎಂದು ಕೇಳಿದವನು ಹೊರಗಿನವನೆಂದು ಆ ಕ್ಷಣವೇ ತಿಳಿಯುತ್ತದೆ. ಬೆಂಡೆಕಾಯಿ ಮತ್ತು ಕೋಳಿಯ 'ಬೇಗನ ಸಾರು', ಈರುಳ್ಳಿಯೊಳಗೆ ಖೀಮಾ ತುಂಬಿದ ದೊಲ್ಮಾ, ಅಕ್ರೋಟು ತುಂಬಿ ಬೇಯಿಸಿದ ಸೇಬು, ಟ್ರಾವ್ನಿಕ್ ಸೀಮೆಯ ವ್ಲಾಶಿಚ್ ಬೆಟ್ಟದ ಕುರಿಹಾಲಿನ ಗಿಣ್ಣು, ಇವೆಲ್ಲವೂ ಕೈಪಿಡಿಗಳಲ್ಲಿವೆ. ರಮಝಾನಿನಲ್ಲಿ ಸೊಮುನ್ ರೊಟ್ಟಿಯ ಮೇಲೆ ಕಲೌಂಜಿ ಉದುರಿಸುವುದು, ಸರಾಯೆವೊದ ಹಳದಿ ಕೊತ್ತಲದಿಂದ ಇಫ್ತಾರಿನ ತೋಪು ಹಾರುವುದು, ಗಿಣ್ಣು ಬೆಣ್ಣೆಗಳನ್ನು ಕರಗಿಸಿದ 'ತೊಪಾ'ದಲ್ಲಿ ರೊಟ್ಟಿ ಅದ್ದಿ ಉಪವಾಸ ಬಿಡುವುದು ಕೂಡ ಇವೆ.

ಉರ್ದು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಈ ಪುಟಗಳು ಇನ್ನೊಂದು ಬಗೆಯ ಖುಷಿ ಕೊಡುತ್ತವೆ. ಚೆವಾಪಿ ಎಂದರೆ ನಮ್ಮ ಕಬಾಬು. ಓಣಿಗೆ ಅವರು ಮಹಲಾ ಎನ್ನುತ್ತಾರೆ, ನಾವು ಮೊಹಲ್ಲಾ. ದುಕಾನು ಅಲ್ಲಿ ದುಚಾನ್, ಶಕ್ಕರ್ ಅಲ್ಲಿ ಶೆಚೆರ್, ಸಬ್ರ್ ಅಲ್ಲಿ ಸಾಬುರ್, ಜನಾಝಾ ಅಲ್ಲಿ ಜೆನಾಝಾ. ಪಾಕದಲ್ಲಿ ನೆನೆಸಿದ ಅವರ ಸಿಹಿ 'ಹುರ್ಮಾಶಿತ್ಸಾ'ದ ಹೆಸರಿನಲ್ಲಿ ನಮ್ಮ ಖುರ್ಮಾ, ಅಂದರೆ ಖರ್ಜೂರ, ಕೂತಿದೆ. ಅವರ ಹಾಡಿನ ಪ್ರಕಾರವಾದ ಸೆವ್ದಾಲಿಂಕಾದ ಬೇರು 'ಸೆವ್ದಾ'. ಅದು ಅರಬಿಯಲ್ಲಿ ದೇಹದ ಕಪ್ಪು ಪಿತ್ತಕ್ಕಿರುವ ಹೆಸರು, ಟರ್ಕಿ ಭಾಷೆಯ ಮೂಲಕ ಬರುವಾಗ ಪ್ರೇಮದ ಬೇಗೆ ಎಂಬ ಅರ್ಥ ಪಡೆಯಿತು. ಉರ್ದುವಿನಲ್ಲಿ ಅದೇ ಶಬ್ದ ಸೌದಾ ಆಗಿ, ಪ್ರೇಮದ ಹುಚ್ಚು ಹಿಡಿದವನನ್ನು ಸೌದಾಯಿ ಎಂದು ಕರೆಸಿತು. ಸೆವ್ದಾಲಿಂಕಾವನ್ನು ಯುನೆಸ್ಕೊ 2024ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಈ ಖುಷಿಯೇ ನಮ್ಮನ್ನು ದಾರಿ ತಪ್ಪಿಸಲೂಬಹುದು. ಆ ಮಾತಿಗೆ ಮತ್ತೆ ಬರುತ್ತೇವೆ.

ಕೈಪಿಡಿಗಳು ಕಾಫಿಯ ಮೂರು ಹೆಸರುಗಳನ್ನು ತಮಾಷೆಯಾಗಿ ಹೇಳುತ್ತವೆ. ಬಂದವರನ್ನು ಎದುರುಗೊಳ್ಳುವ ಕಾಫಿ ಒಂದು, ಮಾತುಕತೆಯ ಕಾಫಿ ಇನ್ನೊಂದು, 'ಇನ್ನು ಹೊರಡಿ' ಎಂದು ಬಾಯಿಬಿಟ್ಟು ಹೇಳದೆ ಸೂಚಿಸುವ ಕಾಫಿ ಮೂರನೆಯದು. ಆದರೆ ಈ ಮೂರು ಕಾಫಿಗಳು ಹೋಟೆಲಿನಲ್ಲಿ ಹುಟ್ಟಿದವಲ್ಲ. ಇವು ಮನೆಯ ಕಾಫಿಗಳು, ಅದಕ್ಕಿಂತ ಹೆಚ್ಚಾಗಿ ನೆರೆಮನೆಯ ಕಾಫಿಗಳು. ಬೊಸ್ನಿಯಾದಲ್ಲಿ ಇದಕ್ಕೆ 'ಕೊಮ್ಶಿಲುಕ್' ಎಂಬ ಶಬ್ದವಿದೆ. ನೆರೆಹೊರೆ ಎಂದರೆ ಅರ್ಧ ಅರ್ಥ ಬಂದಂತೆ. ನೆರೆಯವರ ನಡುವೆ ಇರುವ ಹಕ್ಕು, ಋಣ, ಮರ್ಯಾದೆಗಳೆಲ್ಲ ಸೇರಿದರೆ ಪೂರ್ತಿ ಅರ್ಥ. ಬೈರಾಮಿಗೆ, ಅಂದರೆ ನಮ್ಮ ಈದಿಗೆ, ಮುಸ್ಲಿಮರ ಮನೆಯಿಂದ ಬಕ್ಲಾವಾ ಹೋಗುವುದು, ಈಸ್ಟರಿಗೆ ಕ್ರೈಸ್ತರ ಮನೆಯಿಂದ ಬಣ್ಣದ ಮೊಟ್ಟೆ ಬರುವುದು ಈ ಲೆಕ್ಕದಲ್ಲಿ. ಹಾಗೆ ಹೋಗಿ ಬರುವವರ ಧರ್ಮ ಬೇರೆ ಬೇರೆ ಎಂಬುದು ಅಲ್ಲಿ ಯಾರೂ ಮರೆತ ಸಂಗತಿಯಲ್ಲ. ಮರೆಯದೆಯೇ ಹೋಗಿ ಬರುತ್ತಿದ್ದರು ಎಂಬುದರಲ್ಲಿ ಅದರ ಹಿರಿಮೆ ಇತ್ತು.

ಇದನ್ನು ತಿಳಿಯಬೇಕಾದವರು ಕೈಪಿಡಿ ಬದಿಗಿಟ್ಟು ನಾರ್ವೆಯ ಮಾನವಶಾಸ್ತ್ರಜ್ಞೆ ಟೋನೆ ಬ್ರಿಂಗಾ ಅವರ ಕೆಲಸವನ್ನು ನೋಡಬೇಕು. ಅವರು 1980ರ ದಶಕದ ಕೊನೆಯಲ್ಲಿ ಮಧ್ಯ ಬೊಸ್ನಿಯಾದ ಒಂದು ಹಳ್ಳಿಯಲ್ಲಿದ್ದು, ಮುಸ್ಲಿಮರೂ ಕ್ಯಾಥೊಲಿಕರೂ ಅಕ್ಕಪಕ್ಕ ಬಾಳುವುದನ್ನು ಕಂಡು ಬರೆದರು. 'ಬೀಯಿಂಗ್ ಮುಸ್ಲಿಮ್ ದಿ ಬೋಸ್ನಿಯನ್ ವೇ' ಎಂಬ ಅವರ ಪುಸ್ತಕ 1995ರಲ್ಲಿ ಬಂತು. ಅದರಲ್ಲಿ ಮತಧರ್ಮದ ವಿಚಾರವನ್ನು ಮಸೀದಿಯ ಒಳಗಷ್ಟೇ ಹುಡುಕಿಲ್ಲ. ಹೆಂಗಸರು ಒಬ್ಬರ ಮನೆಗೆ ಒಬ್ಬರು ಕಾಫಿಗೆ ಹೋಗುವುದು, ಸತ್ತವರಿಗಾಗಿ ಮನೆಯಲ್ಲಿ ಸೇರಿ 'ತೆವ್ಹಿದ್' ಓದುವುದು, ಯಾರ ಮನೆಗೆ ಯಾವ ಸಂದರ್ಭದಲ್ಲಿ ಹೋಗಬೇಕು ಎಂಬ ನಿಯಮಗಳು, ಇವುಗಳಲ್ಲಿ ಒಂದು ಸಮುದಾಯ ಹೇಗೆ ತಾನು ಯಾರೆಂದು ತಿಳಿಯುತ್ತದೆ ಎಂಬುದನ್ನು ತೋರಿಸಿದ್ದಾರೆ. ನಮ್ಮ ಓಣಿಗಳ ಫಾತಿಹಾ, ಝಿಯಾರತುಗಳನ್ನು ಕಂಡವರಿಗೆ ತೆವ್ಹಿದಿನ ವಿವರಗಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಬ್ರಿಂಗಾ 1993ರ ಆರಂಭದಲ್ಲಿ ಬ್ರಿಟಿಷ್ ಟೆಲಿವಿಷನ್ ತಂಡದೊಂದಿಗೆ ಮತ್ತೆ ಆ ಹಳ್ಳಿಗೆ ಹೋದರು. ಆಗ ತೆಗೆದ ಸಾಕ್ಷ್ಯಚಿತ್ರದ ಹೆಸರು 'ವಿ ಆರ್ ಆಲ್ ನೇಬರ್ಸ್', ನಾವೆಲ್ಲ ನೆರೆಯವರು ಎಂದು. ಮೊದಲ ಭಾಗದಲ್ಲಿ ಹಳ್ಳಿಯವರು ಯುದ್ಧ ತಮ್ಮೂರಿಗೆ ಬರಲಾರದು ಎಂದೇ ನಂಬಿದ್ದಾರೆ. ದಿನ ಕಳೆದಂತೆ ಒಬ್ಬರ ಮನೆಗೆ ಒಬ್ಬರು ಹೋಗುವುದು ಕಡಿಮೆಯಾಗುತ್ತದೆ. ಎದುರಾದಾಗ ಮಾತು ಚುಟುಕಾಗುತ್ತದೆ. ಕಾಫಿ ನಿಲ್ಲುತ್ತದೆ. ಅದೇ ವರ್ಷದ ಏಪ್ರಿಲಿನಲ್ಲಿ ಕ್ರೊಯೇಟ್ ಪಡೆಗಳು ಹಳ್ಳಿಯ ಮುಸ್ಲಿಮರ ಮೇಲೆ ಬಿದ್ದವು. ಹಳ್ಳಿಯಲ್ಲಿ ಮುಸ್ಲಿಮರು ಉಳಿಯಲಿಲ್ಲ. ಗುಂಡಿನ ಸದ್ದಿಗಿಂತ ಮೊದಲು ಕಾಫಿ ನಿಂತಿತ್ತು ಎಂಬುದನ್ನು ಆ ಚಿತ್ರ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಬೊಸ್ನಿಯಾದ ಕಾಫಿಯ ಬಗ್ಗೆ ಬರೆಯುವವರು ತಿಳಿದಿರಲೇಬೇಕಾದ ಸಂಗತಿ ಇದು. ನೊರೆ ಎಷ್ಟು ಏಳಬೇಕು ಎಂಬುದು ಆಮೇಲಿನ ಮಾತು.

ಹಾಗಾಗಿ 'ಬೊಸ್ನಿಯಾದವರು ಅತಿಥಿಸತ್ಕಾರಕ್ಕೆ ಹೆಸರಾದವರು' ಎಂಬ ವಾಕ್ಯ ನಮಗೆ ಅರ್ಧಸತ್ಯವಾಗಿ ಕಾಣುತ್ತದೆ. ಅತಿಥಿ ಬರುತ್ತಾನೆ, ಉಣ್ಣುತ್ತಾನೆ, ಹೊರಡುತ್ತಾನೆ. ಅವನಿಗೆ ಉಪಚಾರ ಮಾಡುವುದು ಸುಲಭ. ನೆರೆಯವನು ಹೊರಡುವುದಿಲ್ಲ. ಅವನಿಗೆ ನಾಳೆಯೂ ಮುಖ ತೋರಿಸಬೇಕು. ಬೊಸ್ನಿಯಾದ ಸಂಸ್ಕೃತಿ ಕಟ್ಟಿದ್ದು ಈ ಎರಡನೆಯ, ಕಷ್ಟದ ಸಂಬಂಧವನ್ನು. ಕೈಪಿಡಿ ಅದನ್ನು ಮೊದಲನೆಯ, ಸುಲಭದ ಸಂಬಂಧವಾಗಿ ತಿರುಗಿಸಿಬಿಡುತ್ತದೆ. ಓದುಗ ತಾನೇ ಆ ಕಾಫಿಯ ಕೇಂದ್ರ ಎಂದು ತಿಳಿದುಕೊಳ್ಳುತ್ತಾನೆ.

ಸರಾಯೆವೊದ ಮುತ್ತಿಗೆ 1992ರ ಏಪ್ರಿಲಿನಿಂದ 1996ರ ಫೆಬ್ರವರಿ 29ರವರೆಗೆ, 1,425 ದಿನ ನಡೆಯಿತು. ಇಂದು ಪ್ರವಾಸಿಗರು ಐಸ್‌ಕ್ರೀಮು ತಿನ್ನುತ್ತ ಅಡ್ಡಾಡುವ ಫೆರ್ಹಾದಿಯಾ ರಸ್ತೆಯಲ್ಲಿ 1992ರ ಮೇ 27ರಂದು ರೊಟ್ಟಿಗಾಗಿ ಸಾಲುಗಟ್ಟಿ ನಿಂತಿದ್ದವರ ಮೇಲೆ ಶೆಲ್ ಬಿದ್ದು 20ಕ್ಕೂ ಹೆಚ್ಚು ಜನ ಸತ್ತರು. ತರಕಾರಿ ಹಣ್ಣು ಮಾರುವ ಮಾರ್ಕಾಲೆ ಮಾರುಕಟ್ಟೆಯಲ್ಲಿ 1994ರ ಫೆಬ್ರವರಿ 5ರಂದು 68 ಮಂದಿ, 1995ರ ಆಗಸ್ಟ್ 28ರಂದು 43 ಮಂದಿ ಹತರಾದರು. ಊಟದ ಅಧ್ಯಾಯ ಬರೆಯುವವರು ಇದನ್ನು ಇತಿಹಾಸದ ಅಧ್ಯಾಯಕ್ಕೆ ಬಿಡುತ್ತಾರೆ. ರೊಟ್ಟಿಯ ಸಾಲಿನಲ್ಲಿ ಸತ್ತವರ ಮಾತು ರೊಟ್ಟಿಯ ಅಧ್ಯಾಯದಲ್ಲೇ ಬರಬೇಕಲ್ಲವೇ?

ಸರಾಯೆವೊದವರೇ ಇದಕ್ಕೆ ಉತ್ತರ ಬರೆದಿಟ್ಟಿದ್ದಾರೆ. ಮುತ್ತಿಗೆ ನಡೆಯುತ್ತಿರುವಾಗಲೇ, 1993ರಲ್ಲಿ, 'ಫಾಮಾ' ಎಂಬ ಗುಂಪು 'ಸರಾಯೆವೊ ಸರ್ವೈವಲ್ ಗೈಡ್' ಎಂಬ ಪುಸ್ತಕ ಹೊರತಂದಿತು. ಯುರೋಪಿನ ಹೆಸರಾಂತ ಮಿಶೆಲಿನ್ ಕೈಪಿಡಿಗಳ ಧಾಟಿಯನ್ನೇ ಹಿಡಿದು ಬರೆದ ಪುಸ್ತಕ ಅದು. ನೀರು ಎಲ್ಲಿ ಸಿಗುತ್ತದೆ, ಯಾವ ಹಾದಿಯಲ್ಲಿ ಓಡಿ ದಾಟಬೇಕು, ವಿದ್ಯುತ್ತು ಅನಿಲಗಳಿಲ್ಲದೆ ಒಲೆ ಹೇಗೆ ಉರಿಸಬೇಕು, ನೆರವಿನ ಪೊಟ್ಟಣದಲ್ಲಿ ಬಂದ ಸಾಮಾನಿನಿಂದ ಏನೇನು ಅಡುಗೆ ಮಾಡಬಹುದು ಎಂದೆಲ್ಲ ಅತಿಥಿಗೆ ವಿನಯದಿಂದ ತಿಳಿಸುತ್ತದೆ. ಓದುವಾಗ ನಗು ಬರುತ್ತದೆ, ನಕ್ಕಿದ್ದಕ್ಕೆ ನಾಚಿಕೆಯೂ ಆಗುತ್ತದೆ. ಜಗತ್ತು ತಮ್ಮನ್ನು ನೋಡಲು ಮಾತ್ರ ಬರುತ್ತಿದೆ, ಕಾಪಾಡಲು ಬರುತ್ತಿಲ್ಲ ಎಂದು ತಿಳಿದವರು ಬರೆದ ಪುಸ್ತಕ ಅದು. ಪ್ರವಾಸಿ ಕೈಪಿಡಿ ಎಂಬ ಬರಹದ ಜಾತಿಯ ಮೇಲೆ ಇದಕ್ಕಿಂತ ಮೊನಚಾದ ವಿಮರ್ಶೆಯನ್ನು ನಾವು ಓದಿಲ್ಲ.

ಅದೇ ಧಾಟಿಯ ಇನ್ನೊಂದು ಕೆಲಸ 2007ರಲ್ಲಿ ಸರಾಯೆವೊದ ಇತಿಹಾಸ ವಸ್ತುಸಂಗ್ರಹಾಲಯದ ಬಳಿ ಎದ್ದು ನಿಂತಿತು. ಅದು ಡಬ್ಬಿಯಲ್ಲಿ ಬರುತ್ತಿದ್ದ ಗೋಮಾಂಸದ ಸ್ಮಾರಕ. ಮುತ್ತಿಗೆಯ ಕಾಲದಲ್ಲಿ ನೆರವಾಗಿ ಬಂದ 'ಇಕಾರ್' ಡಬ್ಬಿಯನ್ನು ಆಳೆತ್ತರಕ್ಕೆ ಮಾಡಿ ಪೀಠದ ಮೇಲಿಟ್ಟು, ಕೃತಜ್ಞ ನಾಗರಿಕರ ಹೆಸರಿನಲ್ಲಿ ಅಂತರರಾಷ್ಟ್ರೀಯ ಸಮುದಾಯಕ್ಕೆ ಅರ್ಪಿಸಲಾಗಿದೆ. ಕಲಾವಿದ ನೆಬೊಯ್ಶಾ ಶೆರಿಚ್ ಶೋಬಾ. ಆ ಮಾಂಸದ ರುಚಿಯ ಬಗ್ಗೆ ಊರಿನವರು ಹೇಳುವ ಮಾತನ್ನು ಇಲ್ಲಿ ಬರೆಯದಿರುವುದೇ ಮೇಲು. ಬಾಶ್‌ಚಾರ್ಶಿಯದ ಚೆವಾಪಿಯಷ್ಟೇ ಈ ಡಬ್ಬಿಯೂ ಸರಾಯೆವೊದ ಆಹಾರ ಸಂಸ್ಕೃತಿಯ ಭಾಗ ಎಂದು ನಾವು ತಿಳಿದಿದ್ದೇವೆ. ಮುತ್ತಿಗೆಯ ದಿನಗಳಲ್ಲಿ ಊರಿಗೆ ನೀರು ಕೊಟ್ಟ ಮುಖ್ಯ ಸೆಲೆಗಳಲ್ಲಿ ಒಂದು ಅಲ್ಲಿನ ಬಿಯರ್ ಕಾರ್ಖಾನೆಯ ಒಳಗಿತ್ತು. ಮುಸ್ಲಿಮರು ಬಹುಸಂಖ್ಯೆಯಲ್ಲಿದ್ದ ಊರಿನ ಜನ ಡಬ್ಬ ಹಿಡಿದು ಅದರ ಮುಂದೆ ಸಾಲು ನಿಂತರು. ಬದುಕು ನಮ್ಮ ಅಚ್ಚುಕಟ್ಟಾದ ಅಧ್ಯಾಯಗಳಿಗೆ ಹೊಂದಿಕೊಂಡು ನಡೆಯುವುದಿಲ್ಲ.

ಕೈಪಿಡಿಯ ಮೌನ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ವಿಶೆಗ್ರಾದ್ ಒಂದು ಉದಾಹರಣೆ. ಡ್ರಿನಾ ನದಿಯ ಮೇಲೆ ಮೆಹ್ಮೆದ್ ಪಾಶಾ ಸೊಕೊಲೊವಿಚ್ 16ನೇ ಶತಮಾನದಲ್ಲಿ ಕಟ್ಟಿಸಿದ, ಮಹಾಶಿಲ್ಪಿ ಸಿನಾನ್ ರೂಪಿಸಿದ ಸೇತುವೆ ಅಲ್ಲಿದೆ. 1961ರಲ್ಲಿ ನೊಬೆಲ್ ಪಡೆದ ಇವೊ ಆಂದ್ರಿಚ್ ಕಾದಂಬರಿಯಿಂದಾಗಿ ಅದು ಜಗತ್ತಿಗೆಲ್ಲ ಗೊತ್ತು. 2007ರಲ್ಲಿ ವಿಶ್ವ ಪರಂಪರೆಯ ತಾಣವೂ ಆಯಿತು. ಯುದ್ಧಕ್ಕೆ ಮೊದಲು ಆ ತಾಲ್ಲೂಕಿನಲ್ಲಿ ಮುಸ್ಲಿಮರೇ ಹೆಚ್ಚು ಇದ್ದರು. 1992ರಲ್ಲಿ ಸೆರ್ಬ್ ಪಡೆಗಳು ಅವರಲ್ಲಿ ಅನೇಕರನ್ನು ಅದೇ ಸೇತುವೆಯ ಮೇಲೆ ಕೊಂದು ನದಿಗೆ ಎಸೆದವು. ಊರಿನಾಚೆಯ ವಿಲಿನಾ ವ್ಲಾಸ್ ಎಂಬ ಬಿಸಿನೀರಿನ ಸ್ನಾನದ ಹೋಟೆಲಿನಲ್ಲಿ ಮುಸ್ಲಿಮ್ ಹೆಂಗಸರನ್ನು ಕೂಡಿಹಾಕಿ ಅತ್ಯಾಚಾರ ಮಾಡಲಾಯಿತು. ಯುದ್ಧ ಮುಗಿದ ಮೇಲೆ ಅದು ಮತ್ತೆ ಹೋಟೆಲಾಗಿ ತೆರೆಯಿತು.

ಆಸ್ಟ್ರೇಲಿಯಾದ ರಂಗಕಲಾವಿದೆ ಕಿಮ್ ವರ್ಕೋ 2008ರಲ್ಲಿ ಆ ಸೇತುವೆ ನೋಡಲು ಹೋಗಿ ಅದೇ ಹೋಟೆಲಿನಲ್ಲಿ ತಂಗಿದ್ದರು. ಅಲ್ಲಿ ಏನು ನಡೆದಿತ್ತು ಎಂಬುದು ಅವರಿಗೆ ತಿಳಿದದ್ದು ಆಮೇಲೆ. ಅತಿಥಿಯಾಗಿ ಮಲಗಿದ ರಾತ್ರಿಯ ಬಗ್ಗೆ ಅವರು ಒಂದು ನಾಟಕ ಕಟ್ಟಿದರು. ಬೊಸ್ನಿಯಾದ ನಿರ್ದೇಶಕಿ ಯಾಸ್ಮಿಲಾ ಝ್ಬಾನಿಚ್ ಅದನ್ನೇ 'ಫಾರ್ ದೋಸ್ ಹೂ ಕ್ಯಾನ್ ಟೆಲ್ ನೋ ಟೇಲ್ಸ್' ಎಂಬ ಚಲನಚಿತ್ರ ಮಾಡಿದರು. 2013ರಲ್ಲಿ ಬಂದ ಆ ಚಿತ್ರದಲ್ಲಿ ವರ್ಕೋ ತಮ್ಮ ಪಾತ್ರವನ್ನು ತಾವೇ ವಹಿಸಿದ್ದಾರೆ. ಚಿತ್ರದ ದೊಡ್ಡ ಗುಣವೆಂದರೆ ಅದು ಅತ್ಯಾಚಾರವನ್ನು ತೋರಿಸುವುದಿಲ್ಲ. ಒಬ್ಬ ಪ್ರವಾಸಿ ಹೆಂಗಸು, ಒಂದು ಹಾಸಿಗೆ, ಒಂದು ಸೇತುವೆ, ಉತ್ತರ ಕೊಡದ ಊರು, ಇಷ್ಟರಿಂದಲೇ ನೋಡುವವರ ನೆಮ್ಮದಿ ಕೆಡಿಸುತ್ತದೆ. ತಿಳಿಯದೆ ಉಂಡು ಮಲಗಿ ಬಂದ ಅತಿಥಿಯ ಹೊಣೆ ಏನು ಎಂದು ಕೇಳುತ್ತದೆ. ಇಂಥ ಪ್ರಶ್ನೆ ಕೇಳುವ ಪ್ರವಾಸ ಸಾಹಿತ್ಯ ನಮಗೆ ಬೇಕಾಗಿದೆ.

ಇಷ್ಟು ಹೇಳಿ ಪಶ್ಚಿಮದ ಕೈಪಿಡಿಗಳ ಮೇಲೆ ತಪ್ಪು ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಕಣ್ಣಿಗೂ ಒಂದು ಪೊರೆ ಇದೆ. ನಾವು ಶಾಲೆಯಲ್ಲಿದ್ದಾಗ ಜುಮಾದ ದುವಾಗಳಲ್ಲಿ ಬೊಸ್ನಿಯಾ ಎಂಬ ಹೆಸರು ಕೇಳಿದ್ದೆವು. ಆಗ ಅದು ನಮಗೆ ಕಣ್ಣೀರಿನ ಇನ್ನೊಂದು ಹೆಸರು. ಆಮೇಲೆ ಕಾಲ ಬದಲಾಯಿತು. ಕೊಲ್ಲಿ ದೇಶಗಳ ಪ್ರವಾಸಿಗರು ಸರಾಯೆವೊಗೆ ಹೋಗತೊಡಗಿದರು. ಈಗ ಮುಸ್ಲಿಮ್ ಓದುಗರಿಗಾಗಿ ಬರೆಯುವ ಪ್ರವಾಸ ಬರಹಗಳಲ್ಲಿ ಬೊಸ್ನಿಯಾ ಎಂದರೆ ಹಲಾಲ್ ಊಟ ಸಿಗುವ ಯುರೋಪು, ಮಿನಾರುಗಳ ನಡುವೆ ಹಿಮ ಬೀಳುವ ಚಿತ್ರ, ಉಸ್ಮಾನಿ ವೈಭವದ ಉಳಿಕೆ. ಮೊದಲು ಅಳಲು ಬೇಕಾಗಿದ್ದ ಬೊಸ್ನಿಯಾ ಈಗ ಹೆಮ್ಮೆಪಡಲು ಬೇಕಾಗಿದೆ. ಎರಡೂ ಸಲ ನಾವು ನೋಡಿದ್ದು ನಮ್ಮನ್ನೇ.

ಇದರ ಜೊತೆಗೆ ನಮ್ಮಲ್ಲಿ ಇನ್ನೊಂದು ಚಾಳಿ ಇದೆ, ಅಳೆಯುವ ಚಾಳಿ. ಅವರ ಹೆಂಗಸರು ತಲೆವಸ್ತ್ರ ಹಾಕುತ್ತಾರೋ ಇಲ್ಲವೋ, ಮದುವೆಯಲ್ಲಿ ಹಾಡು ಕುಣಿತ ಇದೆಯೇ, ಕೆಲವರು ಕುಡಿಯುತ್ತಾರಂತೆ ಹೌದೇ, ಮತ್ತೆ ಅವರು ಎಂಥ ಮುಸ್ಲಿಮರು ಎಂದು ಕೇಳುವವರನ್ನು ನಾವು ಕಂಡಿದ್ದೇವೆ. ಅವರನ್ನು ಕೊಂದವರು ಈ ಪ್ರಶ್ನೆ ಕೇಳಲಿಲ್ಲ. ನಮಾಝು ಮಾಡುವವನನ್ನೂ ಮಾಡದವನನ್ನೂ ಹೆಸರು ನೋಡಿಯೇ ಬೇರ್ಪಡಿಸಿದರು. ಬೊಸ್ನಿಯಾದ ಇಸ್ಲಾಮು 15ನೇ ಶತಮಾನದಿಂದ ಅಲ್ಲಿಯ ಮಣ್ಣಿನಲ್ಲಿ ಬೇರೂರಿದ್ದು. ಉಸ್ಮಾನಿಗಳ ನಂತರ ಆಸ್ಟ್ರಿಯಾದವರ, ಅರಸರ, ಕಮ್ಯುನಿಸ್ಟರ ಆಳ್ವಿಕೆಯಲ್ಲಿ ಹಾದು ಬಂದದ್ದು. ಅದಕ್ಕೆ ಅದರದೇ ರೂಢಿಗಳಿವೆ. ರಮಝಾನಿನ ಬೈರಾಮಿನ ಎರಡನೆಯ ದಿನವನ್ನು ಅವರು ಶಹೀದರ ದಿನವೆಂದು ಇಟ್ಟುಕೊಂಡಿದ್ದಾರೆ. ಹಬ್ಬದ ಮಾರನೆಯ ದಿನ ಗೋರಿಗಳ ಬಳಿ ಹೋಗುತ್ತಾರೆ. ಈ ದಿನವನ್ನು ಅವರಿಗೆ ಹೊರಗಿನ ಯಾರೂ ಕಲಿಸಿಕೊಟ್ಟದ್ದಲ್ಲ.

ನಮ್ಮ ನಾಡಿನಲ್ಲೂ ಇದರ ಅನುಭವ ಇಲ್ಲದಿಲ್ಲ. ಯೆಮೆನಿನ ಮೋಖಾದಿಂದ ಏಳು ಕಾಫಿ ಬೀಜ ತಂದರೆಂಬ ಬಾಬಾ ಬುಡನ್ ಅವರ ಐತಿಹ್ಯವನ್ನು ಚಿಕ್ಕಮಗಳೂರಿನ ಪ್ರವಾಸಿ ಬರಹಗಳೆಲ್ಲ ಹೇಳುತ್ತವೆ. ಬೊಸ್ನಿಯಾಕ್ಕೆ ಉಸ್ಮಾನಿಗಳ ಮೂಲಕ ಹೋದ ಕಾಫಿಯೂ ಅದೇ ಯೆಮೆನಿನದು. ಆದರೆ ಆ ಗಿರಿಯಲ್ಲಿ ಹಿಂದೂ ಮುಸ್ಲಿಮರು ಕೂಡಿ ನಡೆದುಕೊಳ್ಳುತ್ತಿದ್ದ ದರ್ಗಾ ದಶಕಗಳ ಕಾಲ ವ್ಯಾಜ್ಯವಾಗಿ ನಿಂತದ್ದನ್ನು ಅಂಥ ಬರಹಗಳಲ್ಲಿ ಹುಡುಕಬೇಕು. ಕಾಫಿಯ ಕತೆ ಮಾರಾಟವಾಗುತ್ತದೆ, ನೆರೆಹೊರೆಯ ಕತೆ ಆಗುವುದಿಲ್ಲ. ಅಲ್ಲಿಗೂ ಇಲ್ಲಿಗೂ ಹೋಲಿಕೆ ಇಷ್ಟು ಮಾತ್ರ, ಇದಕ್ಕಿಂತ ಹೆಚ್ಚು ಎಳೆಯುವುದು ಬೊಸ್ನಿಯಾದವರ ದುಃಖಕ್ಕೆ ಅನ್ಯಾಯ.

ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಬೊಸ್ನಿಯಾದವರು ಎಷ್ಟು ದಿನ ಗೋರಿಗಳನ್ನು ತೋರಿಸುತ್ತ ಇರಬೇಕು? ಅವರಿಗೂ ಬಾಳಬೇಕು, ವ್ಯಾಪಾರ ಮಾಡಬೇಕು, ನಗಬೇಕು. ತಾಮ್ರ ಬಡಿಯುವವನಿಗೆ ಜೆಜ್ವಾ ಮಾರಾಟವಾದರೆ ಮನೆಯ ಒಲೆ ಉರಿಯುತ್ತದೆ. ಬಂದವರಿಗೆಲ್ಲ ಅವನು ತನ್ನ ಸತ್ತ ಅಣ್ಣನ ಕತೆ ಹೇಳಬೇಕೆಂದು ನಾವು ಬಯಸುವುದು ಕ್ರೌರ್ಯ. ದುಃಖವನ್ನು ನೋಡಲು ಹೋಗುವ ಪ್ರವಾಸವೂ ಒಂದು ವ್ಯಾಪಾರವೇ. ಇದನ್ನೆಲ್ಲ ಒಪ್ಪುತ್ತೇವೆ. ಆದರೆ ನಾವು ಕೇಳುತ್ತಿರುವುದು ಅಂಗಡಿಯವನನ್ನಲ್ಲ, ಬರೆಯುವವರನ್ನು. ಅಂಗಡಿಯವನು ಸುಮ್ಮನಿರುವುದು ಅವನ ಹಕ್ಕು. ಬರೆಯುವವರು ಸುಮ್ಮನಿದ್ದರೆ ಅದು ಹಕ್ಕಲ್ಲ. ಅದೂ ಈ ಹೊತ್ತಿನಲ್ಲಿ, ಸ್ರೆಬ್ರೆನಿತ್ಸದಲ್ಲಿ ನಡೆದದ್ದು ಜನಾಂಗ ಹತ್ಯೆಯೆಂದು ಅಂತರರಾಷ್ಟ್ರೀಯ ನ್ಯಾಯಾಲಯವೇ 2007ರಲ್ಲಿ ಹೇಳಿದ ಮೇಲೂ ಅದನ್ನು ಅಲ್ಲಗಳೆಯುವ ರಾಜಕಾರಣಿಗಳು ಅದೇ ದೇಶದಲ್ಲಿರುವಾಗ. ಕೆಲವು ಊರುಗಳಲ್ಲಿ ಬೊಸ್ನಿಯಾಕ್ ಮತ್ತು ಕ್ರೊಯೇಟ್ ಮಕ್ಕಳು ಒಂದೇ ಕಟ್ಟಡದಲ್ಲಿದ್ದೂ ಬೇರೆ ಬೇರೆ ಶಾಲೆಗಳಲ್ಲಿ ಕಲಿಯುತ್ತಿರುವಾಗ, 'ಸಂಗಮ' ಎಂಬ ಮಾತು ಬರೆಯುವ ಮುಂಚೆ ಎರಡು ಸಲ ಯೋಚಿಸಬೇಕು.

ಸಂಗಮ ಇರಲಿಲ್ಲ ಎಂದು ನಾವು ಹೇಳುತ್ತಿಲ್ಲ. ಇತ್ತು, ಈಗಲೂ ಅಲ್ಲಲ್ಲಿ ಇದೆ. ಸ್ಪೇನಿನಿಂದ ಓಡಿಬಂದ ಯಹೂದಿಗಳಿಗೆ ಆ ಊರು ನೆಲೆ ಕೊಟ್ಟಿತ್ತು. ಸರಾಯೆವೊದ ಹಗ್ಗಾದಾ ಎಂಬ 14ನೇ ಶತಮಾನದ ಯಹೂದಿ ಹಸ್ತಪ್ರತಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಕೈಗೆ ಸಿಗದಂತೆ ಉಳಿಸಿದವರು ದೆರ್ವಿಶ್ ಕೊರ್ಕುತ್ ಎಂಬ ಮುಸ್ಲಿಮ್ ಗ್ರಂಥಪಾಲಕರು. ಮೋಸ್ತಾರಿನ ಸೇತುವೆಯನ್ನು ಕ್ರೊಯೇಟ್ ಪಡೆಗಳು 1993ರ ನವೆಂಬರ್ 9ರಂದು ಉರುಳಿಸಿದವು, 2004ರಲ್ಲಿ ಅದು ಮತ್ತೆ ಎದ್ದಿತು. ಬಾನ್ಯಾ ಲೂಕಾದ ಫೆರ್ಹಾದಿಯಾ ಮಸೀದಿಯನ್ನು 1993ರ ಮೇ 7ರಂದು ಸ್ಫೋಟಿಸಿದರು, 2016ರ ಮೇ 7ರಂದೇ ಅದರ ಬಾಗಿಲು ಮತ್ತೆ ತೆರೆಯಿತು. ಇದಕ್ಕೆ ಬೊಸ್ನಿಯಾದವರು 'ಇನಾತ್' ಎನ್ನುತ್ತಾರೆ. ಉರ್ದುವಿನಲ್ಲಿ ಇನಾದ್ ಎಂದರೆ ಹಗೆ. ಅಲ್ಲಿ ಅದು ಹಠ, ಬಗ್ಗದ ಗುಣ. ಮುರಿದದ್ದನ್ನು ಇದ್ದ ಜಾಗದಲ್ಲೇ ಇದ್ದಂತೆಯೇ ಕಟ್ಟುವ ಹಠ.

ಕೊನೆಯದಾಗಿ ಒಂದು ಕಲಾಕೃತಿಯ ಬಗ್ಗೆ ಹೇಳಬೇಕು. 1995ರ ಜುಲೈಯಲ್ಲಿ ಸ್ರೆಬ್ರೆನಿತ್ಸದಲ್ಲಿ ಕೊಲೆಯಾದ ಮುಸ್ಲಿಮ್ ಗಂಡಸರು ಮತ್ತು ಹುಡುಗರ ಸಂಖ್ಯೆ ಅಲ್ಲಿನ ಸ್ಮಾರಕದ ಕಲ್ಲಿನಲ್ಲಿ 8,372 ಎಂದಿದೆ. ಗಂಡನನ್ನು ಕಳೆದುಕೊಂಡ ಅಲ್ಲಿಯ ಒಬ್ಬ ಹೆಂಗಸು, ಅವನ ನೆನಪು ಹೆಚ್ಚು ಕಾಡುವುದು ಒಟ್ಟಿಗೆ ಕುಡಿಯುತ್ತಿದ್ದ ಕಾಫಿಯ ಹೊತ್ತಿನಲ್ಲಿ ಎಂದಿದ್ದಳಂತೆ. ಕಲಾವಿದೆ ಐದಾ ಶೆಹೊವಿಚ್ ಆ ಮಾತನ್ನು ಹಿಡಿದು 2006ರಿಂದ ಪ್ರತಿ ಜುಲೈ 11ರಂದು ಒಂದೊಂದು ಊರಿನ ಚೌಕದಲ್ಲಿ ಫಿಲ್ಜಾನ್‌ಗಳನ್ನು ನೆಲದ ಮೇಲೆ ಇಡುತ್ತ ಬಂದರು. ದಾರಿಹೋಕರು ಕಾಫಿ ಕಾಯಿಸಿ, ಬಟ್ಟಲಿಗೆ ಬಗ್ಗಿಸಿ, ಕುಡಿಯದೆ ಬಿಟ್ಟುಹೋಗಬೇಕು. ಬಟ್ಟಲುಗಳನ್ನು ಬೊಸ್ನಿಯಾದ ಮನೆಗಳವರೇ ಕೊಟ್ಟರು. ಹೇಗ್, ಇಸ್ತಾಂಬುಲ್, ನ್ಯೂಯಾರ್ಕ್, ವೆನಿಸ್‌ಗಳಲ್ಲಿ ಸುತ್ತಿ 2020ರಲ್ಲಿ ಸ್ರೆಬ್ರೆನಿತ್ಸದ ಪೊಟೊಚಾರಿಗೆ ಬರುವಾಗ ಬಟ್ಟಲುಗಳು 8,372 ಆಗಿದ್ದವು. ಕೃತಿಯ ಹೆಸರು 'ಶ್ಟೊ ತೆ ನೆಮಾ', ನೀನೇಕೆ ಇಲ್ಲಿಲ್ಲ ಎಂದು. ಅದು ಮೋಸ್ತಾರಿನ ಸೆರ್ಬ್ ಕವಿ ಅಲೆಕ್ಸಾ ಶಾಂತಿಚ್ ಅವರ ಸಾಲುಗಳಿಂದ ಮಾಡಿದ ಹಾಡಿನ ಹೆಸರು. ಸೆರ್ಬ್ ಪಡೆಗಳು ಕೊಂದವರ ಸ್ಮಾರಕಕ್ಕೆ ಸೆರ್ಬ್ ಕವಿಯ ಮಾತನ್ನೇ ಇಟ್ಟುಕೊಂಡದ್ದರಲ್ಲಿ ಕೊಮ್ಶಿಲುಕ್ ಇನ್ನೂ ಉಸಿರಾಡುತ್ತಿದೆ.

ಈ ಕೃತಿಯಲ್ಲಿ ಅತಿಥಿಗೆ ಸ್ಥಾನವಿದೆ. ದಾರಿಹೋಕನೂ ಕಾಫಿ ಕಾಯಿಸಬಹುದು, ಬಗ್ಗಿಸಬಹುದು. ಆದರೆ ಆ ಕಾಫಿ ಅವನಿಗಲ್ಲ. ಬೊಸ್ನಿಯಾದ ಊಟ ರೂಢಿಗಳ ಬಗ್ಗೆ ಬರೆಯುವವರು, ಅದು ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ, ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು. ಬಾಶ್‌ಚಾರ್ಶಿಯದಲ್ಲಿ ಕೂತು ಸಕ್ಕರೆ ಅದ್ದಿ ಕಾಫಿ ಕುಡಿಯಲು ಯಾರ ಅಡ್ಡಿಯೂ ಇಲ್ಲ. ಆ ಬಟ್ಟಲು ನಮಗಿಂತ ಮೊದಲು ಪಕ್ಕದ ಮನೆಯವನಿಗಾಗಿ ಇಟ್ಟದ್ದು ಎಂಬುದು ತಿಳಿದಿರಲಿ, ಅವನು ಏನಾದ ಎಂದು ಕೇಳುವ ಮನಸ್ಸಿರಲಿ.